ಎತ್ತಿಕೂರಿನಲ್ಲಿ ಯಾರೂ ಇಲ್ಲ

ಕೊಳ್ಳೇಗಾಲದಿಂದ ಮಳವಳ್ಳಿ ರಸ್ತೆ ಹಿಡಿದು ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ತಿರುಗಿಕೊಂಡರೆ ಭರಚುಕ್ಕಿ. ಹೊಳೆ ದಾಟಿ ಮಳವಳ್ಳಿ ಸೀಮೆ ಸೇರಿ ಬ್ಲಫ್ ಕಡೆಗೆ ಹೋದರೆ ಗಗನಚುಕ್ಕಿ. ಭಾನುವಾರ ಬಂದವರು ಎರಡನ್ನೂ ನೋಡುತ್ತಾರೆ, ಎರಡರ ಮುಂದೆಯೂ ಪಟ ತೆಗೆದುಕೊಳ್ಳುತ್ತಾರೆ, ಚುರುಮುರಿ ತಿಂದು ಬಸ್ಸು ಹತ್ತುತ್ತಾರೆ. ಎರಡೂ ಒಂದೇ ಹೊಳೆಯ ನೀರು, ನಡುವೆ ಇರುವುದು ಒಂದು ದ್ವೀಪ, ಅದರ ಮಗ್ಗುಲಿಗೆ ಇನ್ನೊಂದು ಪುಟ್ಟ ದ್ವೀಪ ಎಂಬುದು ಬಹಳ ಮಂದಿಯ ಗಮನಕ್ಕೇ ಬರುವುದಿಲ್ಲ. ದೊಡ್ಡದಕ್ಕೆ ಶಿವನಸಮುದ್ರ ಎಂಬ ಹೆಸರು ನಿಂತುಬಿಟ್ಟಿದೆ. ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಅದು ಹೆಗ್ಗುರ. ಚಿಕ್ಕದು ಎತ್ತಿಕೂರು. ದೊಡ್ಡದರಲ್ಲಿ ಊರಿದೆ, ದೇವಸ್ಥಾನಗಳಿವೆ, ದರ್ಗಾ ಇದೆ. ಎತ್ತಿಕೂರಿನಲ್ಲಿ ಯಾರೂ ಇಲ್ಲ.

ಯಾರೂ ಇಲ್ಲದ ದ್ವೀಪ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಭೂಪಟದ ತುದಿಯ ಹಿಮಸಾಗರ. ಅಲ್ಲಿ ಚಳಿ, ಕತ್ತಲೆ, ಮಣ್ಣಿಲ್ಲದ ಬಂಡೆ. ಜನ ಯಾಕಿಲ್ಲ ಎಂದು ಯಾರೂ ಕೇಳಬೇಕಾಗಿಲ್ಲ. ಕೊಳ್ಳೇಗಾಲ ತಾಲ್ಲೂಕಿನಲ್ಲಿ ವರ್ಷಪೂರ್ತಿ ಬಿಸಿಲು, ದಡದಲ್ಲಿ ಭತ್ತ, ಕಬ್ಬು, ಹಿಪ್ಪುನೇರಳೆ. ಹೀಗಿದ್ದೂ ಹೊಳೆಯ ನಡುವಿನ ಎಷ್ಟೋ ನೆಲದ ತುಂಡುಗಳು ಖಾಲಿ. ಇದಕ್ಕೆ ಉತ್ತರ ಹುಡುಕಹೊರಟರೆ ಬಂಡೆಯಿಂದ ಶುರುಮಾಡಬೇಕು.

ಕಾವೇರಿ ತಲಕಾಡು ದಾಟಿ ನೈರುತ್ಯದಿಂದ ಇಲ್ಲಿಗೆ ಬರುವಾಗ ಅಂಥ ಅವಸರದಲ್ಲೇನೂ ಇರುವುದಿಲ್ಲ. ಹೊಳೆ ಅಗಲ, ಆಳ ಕಡಿಮೆ, ಇಳಿಜಾರು ಇನ್ನೂ ಕಡಿಮೆ. ಶಿವನಸಮುದ್ರದ ತಲೆಯಲ್ಲಿ ಅದು ಎರಡು ಕವಲಾಗುತ್ತದೆ. ಪಡುವಣ ಕವಲು ದೊಡ್ಡದು. ಅದು ಮತ್ತೊಮ್ಮೆ ಒಡೆದು ಎತ್ತಿಕೂರನ್ನು ಬಳಸಿಕೊಂಡು, ಬಂಡೆಯಿಂದ ಬಂಡೆಗೆ ಅಪ್ಪಳಿಸುತ್ತ ಗಗನಚುಕ್ಕಿಯಾಗಿ ಕಮರಿಗೆ ಇಳಿಯುತ್ತದೆ. ಮೂಡಣ ಕವಲು ಅಗಲಕ್ಕೆ ಹರಡಿಕೊಂಡು ಭರಚುಕ್ಕಿಯಾಗುತ್ತದೆ. ಮಳೆಗಾಲದಲ್ಲಿ ಒಂದೇ ಹಾಳೆ, ಬೇಸಿಗೆಯಲ್ಲಿ ಹತ್ತಾರು ಎಳೆ. ನಡುವೆ ಉಳಿದ ನೆಲ ಸುಮಾರು 5 ಕಿಲೋಮೀಟರ್ ಉದ್ದ, 1 ಕಿಲೋಮೀಟರಿಗಿಂತ ತುಸು ಹೆಚ್ಚು ಅಗಲ. ಈಶಾನ್ಯದ ತುದಿಯಲ್ಲಿ ಎರಡು ಕವಲೂ ಕೂಡಿ ಪೂರ್ವಕ್ಕೆ ತಿರುಗುತ್ತವೆ.

ಇಷ್ಟು ದೂರದಲ್ಲಿ ಹೊಳೆ ಇಳಿಯುವುದು ಹತ್ತಿರ ಹತ್ತಿರ 320 ಅಡಿ. ಹಾಗಾಗಿ ಇದು ವಿಚಿತ್ರ ದ್ವೀಪ. ಮೇಲಿನ ತುದಿಯಲ್ಲಿ ನಿಂತರೆ ನೀರು ಕಾಲಿನ ಮಟ್ಟದಲ್ಲೇ ಹರಿಯುತ್ತಿರುತ್ತದೆ, ಬಿಂದಿಗೆ ಬಗ್ಗಿಸಿ ತುಂಬಿಕೊಳ್ಳಬಹುದು. ಕೆಳಗಿನ ತುದಿಗೆ ಬಂದರೆ ಅದೇ ನೀರು ಪ್ರಪಾತದ ತಳದಲ್ಲಿ. ಒಂದೇ ದ್ವೀಪಕ್ಕೆ ಒಂದು ಕಡೆ ಹೊಳೆದಂಡೆ, ಇನ್ನೊಂದು ಕಡೆ ಬೆಟ್ಟದ ಅಂಚು.

ಕಾವೇರಿಯ ನಡುಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಹೊಳೆ ತಾನೇ ತಂದು ಹಾಕಿದ ಮರಳು, ಮೆಕ್ಕಲಿನಿಂದ ಆದವು ಕೆಲವು. ಇಂಥವು ದೊಡ್ಡ ನೆರೆಗೆ ಕರಗುತ್ತವೆ, ಇನ್ನೊಂದು ಕಡೆ ಮತ್ತೆ ಹುಟ್ಟುತ್ತವೆ. ಮನುಷ್ಯ ಮಾಡಿದವೂ ಇವೆ. ರಂಗನತಿಟ್ಟಿನ ತಿಟ್ಟುಗಳು ಈಗಿನ ರೂಪಕ್ಕೆ ಬಂದದ್ದು 17ನೇ ಶತಮಾನದ ನಡುವಿನಲ್ಲಿ ಮೈಸೂರು ಅರಸರು ಅಲ್ಲಿ ಒಡ್ಡು ಕಟ್ಟಿಸಿ ನೀರು ನಿಲ್ಲಿಸಿದ ಮೇಲೆ. ಹೆಗ್ಗುರ, ಎತ್ತಿಕೂರುಗಳು ಮೂರನೆಯ ಬಗೆ. ಇವನ್ನು ಯಾರೂ ತಂದು ಹಾಕಲಿಲ್ಲ. ಸುತ್ತಲಿನ ಬಂಡೆಯನ್ನು ಹೊಳೆ ಕೊರೆದುಕೊಂಡು ಹೋಗಿ, ಕೊರೆಯಲಾಗದೆ ಬಿಟ್ಟ ಭಾಗ ಇವು.

ಕೊರೆಯುವ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ಆಗಸ್ಟಿನಲ್ಲಿ ಹೋಗಬಾರದು, ಏಪ್ರಿಲಿನಲ್ಲಿ ಹೋಗಬೇಕು. ಜನ ಆಗ ‘ನೀರೇ ಇಲ್ಲ’ ಎಂದು ಮೂಗು ಮುರಿಯುತ್ತಾರೆ. ನೀರಿಲ್ಲದಾಗಲೇ ಹೊಳೆಯ ತಳ ಕಾಣುವುದು. ಇಲ್ಲಿನ ಕಲ್ಲು ನೈಸ್ ಎಂಬ ಶಿಲೆ, ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಬೂದು ಮತ್ತು ಬಿಳಿ ಪಟ್ಟಿಗಳು ಬಳುಕಿ ಬಳುಕಿ ಓಡುತ್ತವೆ. ನೀರು ಹರಿದ ಕಡೆ ಮೈ ನುಣ್ಣಗೆ, ಎಂದೂ ನೀರು ಮುಟ್ಟದ ಕಡೆ ಒರಟು. ನುಣ್ಣನೆಯ ಭಾಗದಲ್ಲಿ ಅಲ್ಲಲ್ಲಿ ಒರಳಿನಂಥ ಗುಂಡಿಗಳು, ಕೆಲವು ಮೊಳದುದ್ದ, ಕೆಲವಕ್ಕೆ ಆಳು ಇಳಿಯಬಹುದು. ಕೈ ಹಾಕಿದರೆ ತಳದಲ್ಲಿ ಉರುಟು ಕಲ್ಲುಗಳು ಸಿಗುತ್ತವೆ. ಪ್ರವಾಹದ ಸುಳಿಯಲ್ಲಿ ಆ ಕಲ್ಲುಗಳೇ ಗರಗರ ತಿರುಗಿ ಬಂಡೆಯನ್ನು ಅರೆದಿರುವುದು. ನೀರು ಒಂದರಿಂದಲೇ ಇಂಥ ಕಲ್ಲು ಸವೆಯುವುದಿಲ್ಲ. ನೀರಿನ ಕೈಯಲ್ಲಿ ಕಲ್ಲಿರಬೇಕು.

ಈ ಗುಂಡಿಗಳು ಎಲ್ಲೆಂದರಲ್ಲಿ ಇಲ್ಲ, ಸಾಲಾಗಿ ಇವೆ. ಸಾಲು ಹಿಡಿದು ಹೋದರೆ ಬಂಡೆಯಲ್ಲಿ ಒಂದು ಬಿರುಕು ಸಿಗುತ್ತದೆ. ಗಡಸು ಕಲ್ಲಿನ ಮೇಲೆ ಹರಿಯುವ ಹೊಳೆಗೆ ತಳವನ್ನು ಒಂದೇ ಸಮ ಆಳ ಮಾಡಿಕೊಳ್ಳುವ ತ್ರಾಣವಿಲ್ಲ. ಅದು ಅಗಲಕ್ಕೆ ಹರಡುತ್ತದೆ, ಸಿಕ್ಕ ಬಿರುಕುಗಳಿಗೆಲ್ಲ ನುಗ್ಗುತ್ತದೆ, ಗುಂಡಿ ಗುಂಡಿ ಕೂಡಿ ಕಾಲುವೆಯಾಗುತ್ತದೆ. ಎರಡು ಬಿರುಕು ಎರಡು ದಿಕ್ಕಿಗೆ ಎಳೆದರೆ ಹೊಳೆಯೂ ಎರಡಾಗುತ್ತದೆ. ಕೊಳ್ಳೇಗಾಲದ ಸುತ್ತಮುತ್ತ ಬಿರುಕಿಗೆ ಬರವಿಲ್ಲ. ಭೂವಿಜ್ಞಾನಿಗಳ ನಕ್ಷೆಯಲ್ಲಿ ‘ಕೊಳ್ಳೇಗಾಲ ಶಿಯರ್ ವಲಯ’ ಎಂದೇ ಒಂದು ಪಟ್ಟಿ ಇದೆ; ಬಹಳ ಹಿಂದೆ ಭೂಮಿಯ ಹೊರಪದರದ ಎರಡು ಭಾಗಗಳು ಒಂದರ ಪಕ್ಕ ಒಂದು ಉಜ್ಜಿಕೊಂಡು ಜರುಗಿದ ಗುರುತು ಅದು. ಸೀರೆ ಅಂಗಡಿಗೂ ರೇಷ್ಮೆಗೂ ಹೆಸರಾದ ಊರು ಭೂವಿಜ್ಞಾನದ ಪತ್ರಿಕೆಗಳಲ್ಲಿ ಹೀಗೂ ಹೆಸರಾಗಿದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಅಷ್ಟು ಹೊತ್ತು ಮೆತ್ತಗೆ ಬಂದ ಹೊಳೆ ಇಲ್ಲಿಯೇ ಯಾಕೆ ಧುಮುಕಬೇಕು? ಮೈಸೂರು ಪ್ರಸ್ಥಭೂಮಿ ಇಲ್ಲಿ ಮುಗಿಯುತ್ತದೆ ಎಂಬುದು ಪಠ್ಯಪುಸ್ತಕದ ಉತ್ತರ. ಸರಿಯೇ, ಆದರೆ ಅಷ್ಟಕ್ಕೆ ನಿಲ್ಲುವುದಿಲ್ಲ. ಕುಮಾವೂಂ ಮೂಲದ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದ ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ 1990ರ ದಶಕದಲ್ಲಿ ಈ ಭಾಗವನ್ನು ಅಡ್ಡಾಡಿ ನೋಡಿದರು. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟದ ಸಾಲು ಭೂವಿಜ್ಞಾನದ ಲೆಕ್ಕದಲ್ಲಿ ಇತ್ತೀಚೆಗೂ ಮೇಲೇಳುತ್ತ ಬಂದಿದೆ, ಅದರ ಬುಡದಲ್ಲಿ ಉತ್ತರ ದಕ್ಷಿಣವಾಗಿ ಸ್ತರಭಂಗಗಳಿವೆ, ಎದ್ದ ನೆಲ ಅಡ್ಡ ಬಂದಾಗ ಕಾವೇರಿಯೂ ಅದರ ಉಪನದಿಗಳೂ ಹಿಂದಕ್ಕೆ ತಡೆದು ನಿಂತು ಕೆರೆಗಟ್ಟಿದ್ದವು ಎಂಬುದು ಅವರ ವಾದ. ಯಳಂದೂರು ಕಡೆಯ ಸುವರ್ಣಾವತಿ ಬಯಲಿನ ಕಪ್ಪು ಜೇಡಿಯನ್ನು ಅವರು ಆ ನಿಂತ ನೀರಿನ ಗುರುತಾಗಿ ಓದಿದರು. ಏಳುವಿಕೆ ಬೇಡ, ಕಲ್ಲಿನ ಗಡಸುತನದ ವ್ಯತ್ಯಾಸವೇ ಇಂಥ ಮೆಟ್ಟಿಲು ಮಾಡಲು ಸಾಕು ಎನ್ನುವವರೂ ಇದ್ದಾರೆ. ನನಗೆ ವಾಲ್ದಿಯಾ ಅವರ ವಾದ ಹಿಡಿಸುವುದು ಒಂದು ಕಾರಣಕ್ಕೆ: ಅದು ಯಳಂದೂರಿನ ಗದ್ದೆಯ ಮಣ್ಣನ್ನೂ, ಭರಚುಕ್ಕಿಯ ಬಂಡೆಯನ್ನೂ, ಹನೂರಿನ ಬೆಟ್ಟವನ್ನೂ ಒಂದೇ ಕಥೆಯಲ್ಲಿ ಸೇರಿಸುತ್ತದೆ.

ಇನ್ನು ಜನರ ವಿಷಯ. ದೊಡ್ಡ ದ್ವೀಪದಲ್ಲಿ ಒಂದು ಕಾಲಕ್ಕೆ ಪಟ್ಟಣವೇ ಇತ್ತು. ಯಳಂದೂರಿಗೆ ದೂರವಲ್ಲದ ಉಮ್ಮತ್ತೂರಿನ ಪಾಳೇಗಾರ ಗಂಗರಾಜ ವಿಜಯನಗರಕ್ಕೆ ತಿರುಗಿಬಿದ್ದಾಗ ಅವನ ಆಸರೆ ಈ ದ್ವೀಪವಾಗಿತ್ತು. ಸುತ್ತ ಹೊಳೆ, ಹಿಂದೆ ಪ್ರಪಾತ, ಕಂದಕ ತೋಡುವ ಖರ್ಚಿಲ್ಲ. ಪಟ್ಟಕ್ಕೆ ಬಂದ ಹೊಸತರಲ್ಲೇ, 1510ರ ಆಚೀಚೆ, ಕೃಷ್ಣದೇವರಾಯ ದಂಡೆತ್ತಿ ಬಂದು ಅದನ್ನು ಗೆದ್ದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ತನ್ನ ಬರಹದಲ್ಲಿ ಹೊಳೆ ಸುತ್ತುವರಿದ ಒಂದು ನಗರದ ಮುತ್ತಿಗೆಯ ಮಾತು ಹೇಳುತ್ತಾನೆ. ನೀರು ದಾಟಲಾಗದೆ ಅರಸ ಕಾಲುವೆಗಳನ್ನು ತೋಡಿಸಿ ಹೊಳೆಯನ್ನೇ ಬೇರೆ ಕಡೆ ಹರಿಸಿ, ತಗ್ಗಿದ ನೀರಿನಲ್ಲಿ ಸೈನ್ಯ ದಾಟಿಸಿದನಂತೆ. ಆ ನಗರ ಶಿವನಸಮುದ್ರವೇ ಎಂದು ಕೆಲವು ಇತಿಹಾಸಕಾರರು ಗುರುತಿಸುತ್ತಾರೆ. ಹೌದಾದರೆ, ಕಾವೇರಿಯ ನೀರನ್ನು ಆಚೀಚೆ ತಿರುಗಿಸುವ ಜಗಳಗಳ ಪಟ್ಟಿಯಲ್ಲಿ ಇದನ್ನು ಬಹಳ ಮೇಲೆ ಬರೆಯಬೇಕು.

ಊರವರ ಕಥೆಯಲ್ಲಿ ಇತಿಹಾಸ ಹೀಗೆ ಸಪ್ಪೆಯಾಗಿಲ್ಲ. ದ್ವೀಪದ ಅರಸ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ಹೆಂಡತಿಯೊಂದಿಗೆ ಅದನ್ನೇರಿ ಗಗನಚುಕ್ಕಿಗೆ ಧುಮುಕಿದ ಎನ್ನುತ್ತಾರೆ. ಕಥೆ ಹೇಗೇ ಇರಲಿ, ಪಟ್ಟಣ ಉಳಿಯಲಿಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸುತ್ತುತ್ತಿದ್ದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬರುವಷ್ಟರಲ್ಲಿ ದ್ವೀಪ ಕಾಡು ಬೆಳೆದು ಪಾಳುಬಿದ್ದಿತ್ತು. ರಂಗನಾಥ ಮಾತ್ರ ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗರ ನಡುವಿನ ಮಧ್ಯರಂಗನಾಗಿ ಒಬ್ಬನೇ ಮಲಗಿದ್ದ.

ಪಟ್ಟಣವನ್ನು ಮುಳುಗಿಸಿದ್ದು ಯುದ್ಧವೇ ಆದರೂ ಮತ್ತೆ ಏಳಗೊಡದೆ ಇದ್ದದ್ದು ಸೇತುವೆಯಿಲ್ಲದಿದ್ದುದು ಎಂದು ನನಗನ್ನಿಸುತ್ತದೆ. ಕಂದಕದ ಕೆಲಸ ಮಾಡಿದ ಅದೇ ನೀರು ಶಾಂತಿಕಾಲದಲ್ಲಿ ಸಂತೆಗೆ ಹೋಗುವ ದಾರಿಗೆ ಅಡ್ಡ ಬರುತ್ತದೆ. ಇದಕ್ಕೆ ಪುರಾವೆಯಂತೆ, ದ್ವೀಪ ಮತ್ತೆ ಜನ ಕಂಡದ್ದು 19ನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಬಿದ್ದುಹೋಗಿದ್ದ ಹಳೆಯ ಸೇತುವೆಗಳನ್ನು ಎತ್ತಿ ನಿಲ್ಲಿಸಿದ ಮೇಲೆ. ಮೈಸೂರು ರೆಸಿಡೆಂಟರ ಕೈಕೆಳಗೆ ಕೆಲಸದಲ್ಲಿದ್ದ ಅವರಿಗೆ ಇದಕ್ಕಾಗಿ ಬಿರುದೂ ಬಂತು, ಜಹಗೀರೂ ಬಂತು. ಒಂದು ಸೇತುವೆಗೆ ವೆಲ್ಲೆಸ್ಲಿ ಹೆಸರು, ಇನ್ನೊಂದಕ್ಕೆ ಆಗಿನ ಮದ್ರಾಸ್ ಗವರ್ನರ್ ಲಷಿಂಗ್ಟನ್ ಹೆಸರು. ಹೆಸರು ಇಂಗ್ಲಿಷರದ್ದು, ಕಟ್ಟಿದ ಬಗೆ ಪೂರ್ತಿ ನಮ್ಮದು: ಕಮಾನಿಲ್ಲ, ಗಾರೆಯ ದೊಡ್ಡಸ್ತಿಕೆ ಇಲ್ಲ. ಹೊಳೆಯ ಬಂಡೆಯಲ್ಲೇ ಕಲ್ಲುಕಂಬ ನೆಟ್ಟು, ಕಂಬದ ಮೇಲೆ ತೊಲೆಗಲ್ಲು ಹೇರಿ, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ದೇವಸ್ಥಾನದ ಮಂಟಪವನ್ನು ಉದ್ದಕ್ಕೆ ಎಳೆದು ಹೊಳೆಯಲ್ಲಿ ನಿಲ್ಲಿಸಿದ ಹಾಗೆ. ತಳ ಬಂಡೆಯಾದ್ದರಿಂದಲೇ ಇದು ಸಾಧ್ಯವಾಯಿತು. ಮರಳಿನ ಹೊಳೆಯಲ್ಲಿ ಇಂಥ ಕಂಬ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ವೆಲ್ಲೆಸ್ಲಿ ಸೇತುವೆ ಹತ್ತಿರ ಹತ್ತಿರ ಎರಡು ಶತಮಾನ ತಡೆದುಕೊಂಡು, 2018ರ ಪ್ರವಾಹದಲ್ಲಿ ಒಂದು ಭಾಗ ಕಳೆದುಕೊಂಡಿತು.

ಎತ್ತಿಕೂರಿಗೆ ಯಾರೂ ಸೇತುವೆ ಕಟ್ಟಲಿಲ್ಲ. ಕಟ್ಟಿ ಆಗಬೇಕಾದ್ದೂ ಇರಲಿಲ್ಲ.

ಆದರೆ ಅದರ ಪಕ್ಕದಲ್ಲಿ ಹರಿಯುವ ಕವಲಿಗೆ ಒಂದು ಕಾಲಕ್ಕೆ ಬಹಳ ಬೆಲೆಯಿತ್ತು, ಯಾಕೆಂದರೆ ಗಡಿ ಇದ್ದದ್ದು ಅಲ್ಲಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗಿನ ಹನೂರು ತಾಲ್ಲೂಕೂ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆ. ಸಂತೆಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದೇ ಭಾಷೆ, ಒಂದೇ ಮಾದಪ್ಪನ ಒಕ್ಕಲು, ಎರಡು ಸರ್ಕಾರ. ಶಿವನಸಮುದ್ರದ ಪಡುವಣ ಕವಲು ಮೈಸೂರಿಗೂ ಮದ್ರಾಸಿಗೂ ಮೇರೆ. ಆ ಕವಲಿನ ಎಡದಂಡೆ ಮೈಸೂರಿನದು, ದ್ವೀಪ ಕೊಯಮತ್ತೂರಿನ ಲೆಕ್ಕಕ್ಕೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಈ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ಹುಟ್ಟಿದಾಗ ವಿದ್ಯುದಾಗಾರ ಎದ್ದದ್ದು ಮೈಸೂರಿನ ದಂಡೆಯಲ್ಲಿ. ಎದುರು ದಂಡೆ ಮದ್ರಾಸಿನದಾದ್ದರಿಂದ ಆ ಸರ್ಕಾರದೊಂದಿಗೆ ಮಾತು ಮುಗಿಸದೆ ಕೆಲಸ ಮುಂದುವರಿಯುವಂತಿರಲಿಲ್ಲ. ಎಂಜಿನಿಯರ್ ಜೋಲಿ ದ ಲೋಟ್‌ಬಿನಿಯರ್ ಉಸ್ತುವಾರಿಯಲ್ಲಿ ಕೆಲಸ ಮುಗಿದು, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಬೆಂಗಳೂರಿನ ದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಇದು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂದು ಭಾಷಣಗಳಲ್ಲಿ ಹೇಳುವುದುಂಟು; ಹಾಗಲ್ಲ, ಡಾರ್ಜಿಲಿಂಗಿನ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ಆ ಕಾಲಕ್ಕೆ ಅಷ್ಟು ದೂರ ತಂತಿ ಎಳೆದದ್ದೇ ಇಲ್ಲಿನ ಸಾಹಸ, ಅದಕ್ಕೆ ಇಲ್ಲದ ಕಿರೀಟ ಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿ ಗಣಿಗೆ ವಿದ್ಯುತ್ ಸಾಲದಾದದ್ದು ಕನ್ನಂಬಾಡಿ ಅಣೆಕಟ್ಟು, ಈಗಿನ ಕೆಆರ್‌ಎಸ್, ಕಟ್ಟಲು ಒಂದು ಮುಖ್ಯ ಕಾರಣವಾಯಿತು. 1911ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು.

ಮೇರೆಯ ನೀರಿನಲ್ಲಿ ನಿಂತ ಬರಡು ದ್ವೀಪಕ್ಕೆ ಎಂಥ ಬೆಲೆ ಬರುತ್ತದೆ ಎಂಬುದಕ್ಕೆ ಹಿಮಸಾಗರದ ಹ್ಯಾನ್ಸ್ ದ್ವೀಪಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕೆನಡಾದ ಎಲ್ಸ್‌ಮಿಯರ್ ದ್ವೀಪ, ಗ್ರೀನ್‌ಲ್ಯಾಂಡ್ ಎರಡರ ನಡುವಿನ ಜಲಸಂಧಿಯಲ್ಲಿ ಅದು ಇದೆ. ವಿಸ್ತೀರ್ಣ ಸುಮಾರು 1.3 ಚದರ ಕಿಲೋಮೀಟರ್, ಅಂದರೆ ನಮ್ಮ ಶಿವನಸಮುದ್ರಕ್ಕಿಂತ ಎಷ್ಟೋ ಚಿಕ್ಕದು. ಮರವಿಲ್ಲ, ಜನವಿಲ್ಲ. ಅಲ್ಲಿನ ಇನ್ಯೂಟ್ ಬೇಟೆಗಾರರು ಅದನ್ನು ತಾರ್ತುಪಾಲುಕ್ ಎನ್ನುತ್ತಾರೆ, ಬೇಟೆಗೆ ಹೋದಾಗ ಬಳಸುತ್ತಿದ್ದರು. 1973ರಲ್ಲಿ ಕೆನಡಾ ಮತ್ತು ಡೆನ್ಮಾರ್ಕ್ ಸಮುದ್ರದ ಗಡಿಯನ್ನು ಎಳೆದುಕೊಂಡು ಬಂದು ಈ ದ್ವೀಪದ ಈ ಅಂಚಿನಲ್ಲಿ ನಿಲ್ಲಿಸಿದವು, ಆ ಅಂಚಿನಿಂದ ಮತ್ತೆ ಮುಂದುವರಿಸಿದವು. ದ್ವೀಪವನ್ನು ಮಾತ್ರ ಬಿಟ್ಟುಬಿಟ್ಟವು. ಆಮೇಲೆ ಒಂದು ದೇಶದವರು ಹೋಗಿ ಬಾವುಟ ನೆಟ್ಟು ತಮ್ಮ ನಾಡಿನ ಮದ್ಯದ ಬಾಟಲಿ ಇಟ್ಟು ಬರುವುದು, ಇನ್ನೊಂದು ದೇಶದವರು ಬಂದು ಅದನ್ನು ತೆಗೆದು ತಮ್ಮದನ್ನು ಇಡುವುದು ನಡೆಯಿತು. 2022ರ ಜೂನ್ 14ರಂದು ಇಬ್ಬರೂ ಪಾಲು ಮಾಡಿಕೊಂಡರು. ಬಂಡೆಯಲ್ಲಿ ಉತ್ತರ ದಕ್ಷಿಣವಾಗಿ ಸಹಜವಾಗಿದ್ದ ಒಂದು ಕೊರಕಲನ್ನೇ ಗಡಿಯೆಂದು ಒಪ್ಪಿಕೊಂಡರು.

ಆ ದ್ವೀಪವನ್ನು ಖಾಲಿ ಇಟ್ಟಿರುವುದು ಚಳಿ. ಇಲ್ಲಿ ಖಾಲಿ ಇಡುವುದು ಆಗಸ್ಟ್. ಮಡಿಕೇರಿ, ವಯನಾಡುಗಳಲ್ಲಿ ಮಳೆ ಹಿಡಿದರೆ ಕೊಳ್ಳೇಗಾಲದ ಹೊಳೆದಂಡೆಯ ಊರುಗಳಲ್ಲಿ ಜನ ಆಕಾಶ ನೋಡುವುದಿಲ್ಲ, ಕೆಆರ್‌ಎಸ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಕಬಿನಿಯಿಂದ ಎಷ್ಟು ಎಂದು ಕೇಳುತ್ತಾರೆ. ತಲೆಯ ಮೇಲೆ ಸುಡುಬಿಸಿಲು ಇರುವಾಗಲೇ ಮನೆಯೊಳಗೆ ನೀರು ಬರುತ್ತದೆ. ಎರಡೂ ಜಲಾಶಯಗಳಿಂದ ಲಕ್ಷ ದಾಟಿ ಬಿಟ್ಟರೆ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರದವರು ದನಕರು ಬಿಚ್ಚಿಕೊಂಡು ಗಂಜಿಕೇಂದ್ರಕ್ಕೆ ಹೊರಡಬೇಕು. 2018ರಲ್ಲೂ ಹೊರಟರು, 2019ರಲ್ಲೂ ಹೊರಟರು. ದಡದ ಮೇಲಿನ ಊರಿಗೇ ಈ ಪಾಡು, ಹೊಳೆಯ ಮಧ್ಯದ ತಿಟ್ಟಿನಲ್ಲಿ ಗುಡಿಸಲು ಹಾಕುವವರು ಯಾರು?

ಹಾಗೆಂದು ಈ ತುಂಡುಗಳು ಬರಡಲ್ಲ. ಬಂಡೆಯ ಸಂದಿಯಲ್ಲಿ ಮೆಕ್ಕಲು ಹಿಡಿದ ಕಡೆ ಹೊಳೆಮತ್ತಿ ಬೇರೂರುತ್ತದೆ. ನೆರೆ ಬಂದು ಹೋದ ಮೇಲೆ ಅದರ ಕೊಂಬೆಗಳಲ್ಲಿ ಸಿಕ್ಕಿಬಿದ್ದ ಕಸಕಡ್ಡಿ, ಹರಿದ ಬಲೆ, ಪ್ಲಾಸ್ಟಿಕ್ ನೋಡಿ ನೀರು ಎಷ್ಟು ಎತ್ತರ ಬಂದಿತ್ತೆಂದು ಹೇಳಬಹುದು. ಯಾವ ಅಳತೆಗೋಲೂ ಬೇಡ. ಕೆಳಗಿನ ಕಾವೇರಿ ವನ್ಯಜೀವಿಧಾಮದ ಭಾಗದಲ್ಲಿ ಇಂಥ ತಿಟ್ಟುಗಳ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತದೆ, ನೀರುನಾಯಿ ಓಡಾಡುತ್ತದೆ. ನಡುವಿನ ಆಳದ ಮಡುಗಳಲ್ಲಿ ಮಹಸೀರ್, ಇಲ್ಲಿನವರ ಬಿಳಿಮೀನು. ಕಾವೇರಿಯ ಡುಬ್ಬದ ಮಹಸೀರ್ ಈ ನದೀವ್ಯವಸ್ಥೆ ಬಿಟ್ಟು ಬೇರೆಲ್ಲೂ ಇಲ್ಲ. ಅಳಿವಿನ ತೀರ ಅಂಚಿನಲ್ಲಿರುವ ಮೀನುಗಳ ಪಟ್ಟಿಗೆ ಅದು ಸೇರಿ ಕೆಲವು ವರ್ಷಗಳಾದವು. ಬೇಸಿಗೆಯಲ್ಲಿ ಹರಿಗೋಲಿನವರು, ಬಲೆ ಹಾಕುವವರು ತಿಟ್ಟು ಹತ್ತಿ ಹೊತ್ತು ಕಳೆದು ಬರುತ್ತಾರೆ. ತಾರ್ತುಪಾಲುಕ್‌ಗೆ ಹೋಗುತ್ತಿದ್ದ ಬೇಟೆಗಾರರ ಲೆಕ್ಕವೂ ಇಷ್ಟೇ: ವಾಸಕ್ಕಲ್ಲ, ಕಸುಬಿಗೆ.

ಕೊಳ್ಳೇಗಾಲ ಮೈಸೂರಿಗೆ ಸೇರಿದ ಮೇಲೆ ಶಿವನಸಮುದ್ರದ ಗಡಿಯ ಬಿಸಿ ಆರಿತು. ಈಗ ಆ ಕವಲಿನ ಆಚೆ ಮಂಡ್ಯ, ಈಚೆ ಚಾಮರಾಜನಗರ; ಪ್ರವಾಸಿಗರ ವಾಹನ ನಿಲುಗಡೆ ಶುಲ್ಕಕ್ಕಿಂತ ದೊಡ್ಡ ತಕರಾರಿಗೆ ಅಲ್ಲಿ ಜಾಗವಿಲ್ಲ. ಬಿಸಿ ಕೆಳಕ್ಕೆ ಇಳಿದಿದೆ. ಹನೂರು ತಾಲ್ಲೂಕಿನ ಗೋಪಿನಾಥಂ ಕಡೆಯಿಂದ ಹೊಗೆನಕಲ್ಲಿಗೆ ಇಳಿದರೆ ಕಾವೇರಿ ಮತ್ತೆ ಬಿರುಕುಗಳಿಗೆ ಸಿಕ್ಕಿ ಹತ್ತಾರು ಕವಲಾಗಿದೆ, ಕವಲುಗಳ ನಡುವೆ ಬಂಡೆಯ ನಡುಗಡ್ಡೆಗಳು. ಒಂದು ದಡ ಕರ್ನಾಟಕ, ಇನ್ನೊಂದು ತಮಿಳುನಾಡು. 2008ರಲ್ಲಿ ತಮಿಳುನಾಡಿನ ಕುಡಿಯುವ ನೀರಿನ ಯೋಜನೆಯ ಗಲಾಟೆ ಎದ್ದಾಗ, ನಡುವಿನ ನೆಲ ಯಾರದು ಎಂಬ ಮಾತೂ ಜೊತೆಗೇ ಎದ್ದಿತು. ಜಂಟಿ ಸರ್ವೆಯಾಗಲಿ ಎಂಬ ಒತ್ತಾಯ ಕೇಳಿಬಂತು. ನದಿ ಗಡಿಯಾದಾಗ ಮುಖ್ಯ ಹರಿವಿನ ನಡುಗೆರೆಯನ್ನು ಮೇರೆಯೆಂದು ಹಿಡಿಯುವುದು ಲೋಕರೂಢಿ. ಹೊಗೆನಕಲ್ಲಿನಂಥ ಕಡೆ ಆ ರೂಢಿ ತೊಡಕಿಗೆ ಸಿಗುತ್ತದೆ. ಏಪ್ರಿಲಿನಲ್ಲಿ ಆಳದ ಒಂದು ಬಿರುಕಿನಲ್ಲಷ್ಟೇ ನೀರಿರುತ್ತದೆ, ಅದೇ ಮುಖ್ಯ ಹರಿವು. ಆಗಸ್ಟಿನಲ್ಲಿ ನೀರು ಅಗಲದ ಕವಲುಗಳ ಮೇಲೆಲ್ಲ ಹಾಯುತ್ತದೆ, ನಡುಗೆರೆ ಬೇರೆ ಕಡೆ ಸರಿಯುತ್ತದೆ, ನಡುವಿನ ನಡುಗಡ್ಡೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುತ್ತದೆ. ಸರ್ವೆಗೆ ಹೋಗುವವರು ಮೊದಲು ಯಾವ ತಿಂಗಳು ಹೋಗಬೇಕೆಂಬುದರ ಮೇಲೆ ಒಪ್ಪಂದಕ್ಕೆ ಬರಬೇಕು.